ನಾಯಿಯ ನವೆ: ಕಾರಣ ಮೊದಲು, ಮದ್ದು ಆಮೇಲೆ

ಮಲಗಿದ್ದ ನಾಯಿ ಎದ್ದು ಕುಳಿತು, ಹಿಂಗಾಲಿನಿಂದ ಕಿವಿಯ ಹಿಂಬದಿಯನ್ನು ಪರಪರನೆ ಕೆರೆದುಕೊಂಡು, ಮೈಯನ್ನೊಮ್ಮೆ ಒದರಿ ಮತ್ತೆ ಮಲಗುತ್ತದೆ. ಇದು ನಾವೆಲ್ಲ ದಿನವೂ ಕಾಣುವ ನೋಟ. ದಿನಕ್ಕೆ ನಾಲ್ಕಾರು ಬಾರಿ ಹೀಗೆ ಮಾಡಿದರೆ ಅದು ರೋಗವಲ್ಲ. ಆದರೆ ಊಟ, ಆಟ, ನಿದ್ರೆಗಳನ್ನೂ ಬಿಟ್ಟು ನಾಯಿ ತುರಿಸಿಕೊಳ್ಳತೊಡಗಿದರೆ, ರಾತ್ರಿಯೆಲ್ಲ ಪಾದಗಳನ್ನು ನೆಕ್ಕುತ್ತಿದ್ದರೆ, ಕೂದಲು ಉದುರಿ ಚರ್ಮ ದಪ್ಪಗೆ, ಕಪ್ಪಗೆ ಆನೆಯ ಚರ್ಮದಂತಾದರೆ, ಅದನ್ನು ಗಂಭೀರವಾಗಿ ಪರಿಗಣಿಸಬೇಕು.

ಚರ್ಮರೋಗ ಬಂದ ನಾಯಿಯ ಸ್ಥಾನ ಮೊದಲು ಪಡಸಾಲೆಯಿಂದ ಹಿತ್ತಿಲಿಗೆ, ಆಮೇಲೆ ಹಿತ್ತಿಲಿನಿಂದ ಬೀದಿಗೆ ಬದಲಾಗುವುದುಂಟು. 'ಎಷ್ಟು ಔಷಧಿ ಕೊಡಿಸಿದರೂ ವಾಸಿಯಾಗಲಿಲ್ಲ, ಮಕ್ಕಳಿಗೂ ಅಂಟೀತು' ಎಂಬುದು ಸಾಮಾನ್ಯವಾಗಿ ಕೇಳಿಬರುವ ಕಾರಣ. ಈ ಮಾತಿನಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ. ಒಂದು, ನವೆಯೇ ರೋಗ ಎಂಬುದು. ಇನ್ನೊಂದು, ನಾಯಿಯ ಚರ್ಮರೋಗಗಳೆಲ್ಲ ಅಂಟುರೋಗಗಳು ಎಂಬುದು. ಜ್ವರದಂತೆ ನವೆಯೂ ಒಂದು ರೋಗಲಕ್ಷಣ ಮಾತ್ರ. ಅದರ ಹಿಂದೆ ಹಲವು ಕಾರಣಗಳಿರಬಹುದು. ಅವನ್ನು ಒಂದೊಂದಾಗಿ ಹುಡುಕುವ ಕ್ರಮ ಹೇಗೆಂಬುದನ್ನು ಇಲ್ಲಿ ನೋಡೋಣ.

ನಾಯಿಯ ಚರ್ಮ ನಮ್ಮದರಂತಲ್ಲ

ನಾಯಿಯ ಮೈಮೇಲೆ ದಟ್ಟವಾದ ಕೂದಲಿರುವುದರಿಂದ ಅದರ ಚರ್ಮ ಗಟ್ಟಿಯಾದುದೆಂದು ನಾವು ಭಾವಿಸುತ್ತೇವೆ. ವಾಸ್ತವ ಇದಕ್ಕೆ ವಿರುದ್ಧ. ಮನುಷ್ಯನ ಹೊರಚರ್ಮದಲ್ಲಿ ಸಾಮಾನ್ಯವಾಗಿ 10ರಿಂದ 15 ಪದರಗಳ ಜೀವಕೋಶಗಳಿದ್ದರೆ, ಕೂದಲಿರುವ ಭಾಗದಲ್ಲಿ ನಾಯಿಯ ಹೊರಚರ್ಮದಲ್ಲಿ ಇರುವುದು 3ರಿಂದ 5 ಪದರ ಮಾತ್ರ. ನಮ್ಮ ಚರ್ಮ ಆಮ್ಲೀಯ. ಅದರ ಪಿಎಚ್ ಸುಮಾರು 5.5. ನಾಯಿಯ ಚರ್ಮ ತಟಸ್ಥಕ್ಕೆ ಸಮೀಪ. ಆಮ್ಲೀಯ ಚರ್ಮ ಅನೇಕ ಬ್ಯಾಕ್ಟೀರಿಯಗಳಿಗೆ ಹಿತವಾದ ನೆಲೆಯಲ್ಲ. ಆ ರಕ್ಷಣೆ ನಾಯಿಗೆ ಅಷ್ಟಾಗಿ ಇಲ್ಲ. ಮನುಷ್ಯರ ಸೋಪು, ಶಾಂಪೂಗಳು ನಾಯಿಗೆ ಸಲ್ಲವೆಂದು ಪಶುವೈದ್ಯರು ಹೇಳುವುದು ಇದಕ್ಕಾಗಿಯೇ.

ಚರ್ಮದ ಹೊರಪದರವನ್ನು ಇಟ್ಟಿಗೆ ಗೋಡೆಗೆ ಹೋಲಿಸಬಹುದು. ಸತ್ತ ಜೀವಕೋಶಗಳು ಇಟ್ಟಿಗೆಗಳಾದರೆ, ಅವುಗಳ ನಡುವೆ ಇರುವ ಸೆರಮೈಡ್ ಮೊದಲಾದ ಕೊಬ್ಬಿನ ಪದಾರ್ಥಗಳು ಗಾರೆ. ಒಗ್ಗದಿಕೆಯ ಪ್ರವೃತ್ತಿಯಿರುವ ನಾಯಿಗಳಲ್ಲಿ ಈ ಗಾರೆ ಸಡಿಲವಾಗಿರುವುದು ಕಂಡುಬಂದಿದೆ. ಬಿರುಕು ಬಿಟ್ಟ ಗೋಡೆಯಿಂದ ತೇವ ಹೊರಹೋಗುತ್ತದೆ. ಧೂಳು, ಪರಾಗ, ಸೂಕ್ಷ್ಮಜೀವಿಗಳು ಒಳಬರುತ್ತವೆ.

ನವೆ ಹುಟ್ಟುವ ಬಗೆ

ತುರಿಸಿಕೊಳ್ಳಬೇಕೆಂಬ ಬಯಕೆ ಹುಟ್ಟಿಸುವ ಅಹಿತಕರ ಸಂವೇದನೆಯೇ ನವೆ. ಜರ್ಮನಿಯ ವೈದ್ಯ ಸಾಮ್ಯುಯೆಲ್ ಹಾಫೆನ್‌ರೆಫರ್ 1660ರಲ್ಲಿ ಕೊಟ್ಟ ಈ ವಿವರಣೆ ಇಂದಿಗೂ ಬಳಕೆಯಲ್ಲಿದೆ. ಚರ್ಮದಲ್ಲಿ ಹರಡಿರುವ ಅತಿ ಸೂಕ್ಷ್ಮ ನರತಂತುಗಳು ಈ ಸಂದೇಶವನ್ನು ಬೆನ್ನುಹುರಿಗೂ ಅಲ್ಲಿಂದ ಮಿದುಳಿಗೂ ಒಯ್ಯುತ್ತವೆ. ಉಗುರಿನಿಂದ ಕೆರೆದಾಗ ಉಂಟಾಗುವ ಸಣ್ಣ ನೋವು ಬೆನ್ನುಹುರಿಯ ಮಟ್ಟದಲ್ಲಿ ನವೆಯ ಸಂದೇಶವನ್ನು ಸ್ವಲ್ಪ ಹೊತ್ತು ಅಡಗಿಸುತ್ತದೆ. ಆದ್ದರಿಂದಲೇ ಕೆರೆದರೆ ಹಾಯೆನಿಸುವುದು. ಆದರೆ ಕೆರೆತದಿಂದ ಚರ್ಮ ಗಾಯಗೊಂಡು, ಅಲ್ಲಿಂದ ಇನ್ನಷ್ಟು ಉರಿಯೂತದ ರಾಸಾಯನಿಕಗಳು ಹೊರಬಂದು, ನವೆ ಇಮ್ಮಡಿಸುತ್ತದೆ. ನವೆಯಿಂದ ಕೆರೆತ, ಕೆರೆತದಿಂದ ನವೆ ಎಂಬ ಈ ವಿಷವರ್ತುಲವನ್ನು ಎಲ್ಲಾದರೂ ಒಂದು ಕಡೆ ತುಂಡರಿಸಬೇಕು.

ನವೆಯ ರಾಸಾಯನಿಕ ಎಂದೊಡನೆ ನೆನಪಾಗುವುದು ಹಿಸ್ಟಮಿನ್. ಸೊಳ್ಳೆ ಕಚ್ಚಿದಾಗ ನಮಗೆ ಏಳುವ ದದ್ದಿಗೆ ಮುಖ್ಯ ಕಾರಣ ಅದೇ. ಆದರೆ ನಾಯಿಗಳ ದೀರ್ಘಕಾಲದ ನವೆಯಲ್ಲಿ ಹಿಸ್ಟಮಿನ್‌ನ ಪಾತ್ರ ಚಿಕ್ಕದು. ಹಿಸ್ಟಮಿನ್ ತಡೆಯುವ ಮಾತ್ರೆಗಳಿಂದ ಹೆಚ್ಚಿನ ಪ್ರಯೋಜನ ಕಾಣದಿರುವುದಕ್ಕೆ ಇದೇ ಕಾರಣ. ಇಂಟರ್‌ಲ್ಯೂಕಿನ್-31 ಎಂಬ ಪ್ರೋಟೀನನ್ನು ವಿಜ್ಞಾನಿಗಳು ಮೊದಲು ವರ್ಣಿಸಿದ್ದು 2004ರಲ್ಲಿ. ಇದನ್ನು ಆರೋಗ್ಯವಂತ ಬೀಗಲ್ ನಾಯಿಗಳಿಗೆ ಚುಚ್ಚಿದಾಗ ಅವು ತುರಿಸಿಕೊಳ್ಳತೊಡಗಿದವು ಎಂದು 2013ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಒಗ್ಗದಿಕೆಯ ಚರ್ಮರೋಗವಿದ್ದ ನಾಯಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳ ರಕ್ತದಲ್ಲಿ ಈ ಪ್ರೋಟೀನು ಪತ್ತೆಯಾಯಿತು. ಇಂದಿನ ಹೊಸ ಔಷಧಗಳ ಗುರಿ ಈ ಪ್ರೋಟೀನೇ.

ಮೊದಲ ಹಂತ: ಪರೋಪಜೀವಿಗಳು

ನವೆಯ ಕಾರಣ ಹುಡುಕುವಾಗ ಸುಲಭವಾಗಿ ತಳ್ಳಿಹಾಕಬಹುದಾದುದನ್ನು ಮೊದಲು ಪರೀಕ್ಷಿಸಬೇಕು. ಆ ಸಾಲಿನಲ್ಲಿ ಮೊದಲು ನಿಲ್ಲುವುದು ಚಿಗಟ. ನೂರಾರು ಚಿಗಟಗಳು ಕಚ್ಚಿದರೂ ಹೆಚ್ಚು ತುರಿಸಿಕೊಳ್ಳದ ನಾಯಿಗಳಿವೆ. ಎರಡು ಮೂರು ಕಚ್ಚಿದರೆ ವಾರಗಟ್ಟಲೆ ಒದ್ದಾಡುವ ನಾಯಿಗಳೂ ಇವೆ. ಎರಡನೆಯ ಗುಂಪಿಗೆ ಚಿಗಟದ ಜೊಲ್ಲಿನ ಪ್ರೋಟೀನುಗಳು ಒಗ್ಗುವುದಿಲ್ಲ. ಇಂಥ ನಾಯಿ ಬಾಲದ ಬುಡ, ಸೊಂಟ ಮತ್ತು ತೊಡೆಯ ಹಿಂಭಾಗಗಳನ್ನು ಕಚ್ಚಿಕೊಳ್ಳುತ್ತದೆ.

'ನಮ್ಮ ನಾಯಿಯ ಮೈಮೇಲೆ ಒಂದೂ ಚಿಗಟ ಕಾಣಲಿಲ್ಲ' ಎಂದು ನೀವು ಹೇಳಬಹುದು. ಚಿಗಟದ ಜೀವನಚಕ್ರ ಗೊತ್ತಿದ್ದರೆ ಈ ಮಾತಿಗೆ ಹೆಚ್ಚು ಬೆಲೆ ಕೊಡಲಾಗದು. ಹೆಣ್ಣು ಚಿಗಟ ದಿನಕ್ಕೆ 40ರಿಂದ 50 ಮೊಟ್ಟೆಗಳನ್ನು ಇಡಬಲ್ಲದು. ಮೊಟ್ಟೆಗಳು ನಾಯಿಯ ಮೈಯಿಂದ ಜಾರಿ ಅದು ಮಲಗುವ ಗೋಣಿಚೀಲ, ಜಮಖಾನ, ನೆಲದ ಸಂದುಗಳಲ್ಲಿ ಬೀಳುತ್ತವೆ. ಅಲ್ಲಿಯೇ ಮರಿಹುಳುವಾಗಿ, ಗೂಡು ಕಟ್ಟಿ ಕೋಶಾವಸ್ಥೆಗೆ ಹೋಗುತ್ತವೆ. ಒಂದು ಮನೆಯ ಒಟ್ಟು ಚಿಗಟ ಸಂತತಿಯಲ್ಲಿ ಪ್ರೌಢ ಕೀಟಗಳ ಪಾಲು ಸುಮಾರು ಶೇಕಡಾ 5 ಮಾತ್ರ ಎಂದು ಅಂದಾಜು. ಉಳಿದ ಶೇಕಡಾ 95 ಮೊಟ್ಟೆ, ಮರಿಹುಳು ಮತ್ತು ಕೋಶಗಳ ರೂಪದಲ್ಲಿ ನೆಲದ ಮೇಲಿರುತ್ತವೆ. ಗೂಡಿನೊಳಗಿನ ಕೋಶ ತಿಂಗಳುಗಟ್ಟಲೆ ಕಾಯಬಲ್ಲದು. ಆದ್ದರಿಂದ ನಾಯಿಗೆ ಒಮ್ಮೆ ಔಷಧ ಹಾಕಿ ಸುಮ್ಮನಾದರೆ ಸಾಲದು. ಮನೆಯ ಎಲ್ಲ ನಾಯಿ, ಬೆಕ್ಕುಗಳಿಗೂ ಕನಿಷ್ಠ ಮೂರು ತಿಂಗಳು ಬಿಡದೆ ಚಿಕಿತ್ಸೆ ನಡೆಯಬೇಕು. ಹಾಸಿಗೆಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಬೇಕು, ನೆಲದ ಸಂದುಗಳನ್ನು ಗುಡಿಸಿ ತೆಗೆಯಬೇಕು.

ಎರಡನೆಯದು ನುಸಿ. ತೆಂಗಿನಕಾಯಿಗೆ ನುಸಿಪೀಡೆ ತರುವ ಜೀವಿಯಂತೆ ಇದೂ ಜೇಡಗಳ ವರ್ಗಕ್ಕೆ ಸೇರಿದ್ದು. ಸಾರ್ಕಾಪ್ಟಿಸ್ ಎಂಬ ನುಸಿ ಚರ್ಮದೊಳಗೆ ಸುರಂಗ ಕೊರೆದು ಮೊಟ್ಟೆಯಿಡುತ್ತದೆ. ಮನುಷ್ಯರ ಕಜ್ಜಿಗೆ ಇಂಥ ನುಸಿಯೇ ಕಾರಣವೆಂದು ಇಟಲಿಯ ಬೊನೊಮೊ 1687ರಲ್ಲಿ ವರ್ಣಿಸಿದ್ದ. ನಾಯಿಗಳಲ್ಲಿ ಕಿವಿಯ ಅಂಚು, ಮೊಣಕೈ ಮತ್ತು ಹಿಂಗಾಲಿನ ಕೀಲುಗಳಲ್ಲಿ ಕೂದಲುದುರಿ ಹಕ್ಕಳೆ ಕಟ್ಟುತ್ತದೆ. ಕಿವಿಯ ಅಂಚನ್ನು ಬೆರಳುಗಳ ನಡುವೆ ಹಿಡಿದು ಉಜ್ಜಿದರೆ ನಾಯಿಯ ಹಿಂಗಾಲು ತಾನಾಗಿ ಕೆರೆಯುವಂತೆ ಆಡುತ್ತದೆ. ಇದು ಬಲವಾದ ಸುಳಿವು, ಆದರೆ ಇದೊಂದೇ ಸಾಕ್ಷ್ಯವಾಗದು. ಈ ನುಸಿ ನಾಯಿಯಿಂದ ನಾಯಿಗೆ ಅಂಟುತ್ತದೆ. ಮನುಷ್ಯರಿಗೂ ತಾತ್ಕಾಲಿಕವಾಗಿ ತುರಿಕೆ ತರುತ್ತದೆ.

ಡೆಮೊಡೆಕ್ಸ್ ಎಂಬ ಇನ್ನೊಂದು ನುಸಿ ಕೂದಲಿನ ಬುಡದ ಕೂಪಗಳಲ್ಲಿ ವಾಸಿಸುತ್ತದೆ. ಹುಟ್ಟಿದ ಮೊದಲ ದಿನಗಳಲ್ಲಿ ತಾಯಿಯಿಂದ ಮರಿಗೆ ಬರುವ ಇದು ಸ್ವಲ್ಪ ಸಂಖ್ಯೆಯಲ್ಲಿ ಆರೋಗ್ಯವಂತ ನಾಯಿಗಳಲ್ಲೂ ಇರುತ್ತದೆ. ರೋಗರಕ್ಷಣಾ ಶಕ್ತಿ ಕುಂದಿದಾಗ ಮಾತ್ರ ಮಿತಿಮೀರಿ ಬೆಳೆಯುತ್ತದೆ. ಇದು ಮನುಷ್ಯರಿಗೆ ಅಂಟುವುದಿಲ್ಲ. ಎರಡೂ ನುಸಿಗಳನ್ನು ಪಶುವೈದ್ಯರು ಚರ್ಮವನ್ನು ಹೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಗುರುತಿಸುತ್ತಾರೆ. ಸಾರ್ಕಾಪ್ಟಿಸ್ ಅನೇಕ ವೇಳೆ ಹೆರೆತದಲ್ಲಿ ಸಿಗದಿರುವುದರಿಂದ, ಅನುಮಾನವಿದ್ದರೆ ಚಿಕಿತ್ಸೆ ಕೊಟ್ಟೇ ನೋಡುವುದು ರೂಢಿ.

ನೀವೇ ಮಾಡಿ ನೋಡಿ

ಬೇಕಾಗುವ ಸಾಮಗ್ರಿ: ಒತ್ತಾದ ಹಲ್ಲುಗಳ ಹೇನಿನ ಬಾಚಣಿಗೆ, ಬಿಳಿಯ ಒತ್ತುಕಾಗದ ಅಥವಾ ಹತ್ತಿ, ನೀರು.

ಪಳಗಿದ, ಸೌಮ್ಯ ಸ್ವಭಾವದ ಸಾಕುನಾಯಿಯ ಬಾಲದ ಬುಡದ ಕೂದಲನ್ನು ಹಿರಿಯರ ಸಮ್ಮುಖದಲ್ಲಿ ಬಾಚಿ. ಬಾಚಣಿಗೆಗೆ ಹತ್ತಿದ ಕಪ್ಪು ಕಣಗಳನ್ನು ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ಉದುರಿಸಿ, ಕೆಲವು ನಿಮಿಷ ಬಿಡಿ. ಕಣಗಳ ಸುತ್ತ ಕೆಂಗಂದು ಬಣ್ಣ ಹರಡಿದರೆ ಅದು ಚಿಗಟದ ಮಲ, ಅಂದರೆ ಜೀರ್ಣವಾದ ರಕ್ತ. ಬಣ್ಣ ಹರಡದಿದ್ದರೆ ಅದು ಬರಿಯ ಮಣ್ಣು. ಚಿಗಟವನ್ನೇ ಕಾಣದೆ ಅದರ ಇರುವಿಕೆಯನ್ನು ಸಾಬೀತು ಮಾಡಿದಂತಾಯಿತು. ಪ್ರಯೋಗದ ನಂತರ ಸೋಪು ಹಚ್ಚಿ ಕೈ ತೊಳೆಯಿರಿ. ಬೀದಿನಾಯಿಗಳ ಮೇಲೆ ಇದನ್ನು ಮಾಡಕೂಡದು.

ಎರಡನೆಯ ಹಂತ: ಬ್ಯಾಕ್ಟೀರಿಯ ಮತ್ತು ಯೀಸ್ಟ್

ನಾಯಿಯ ಚರ್ಮದ ಮೇಲೆ ಸಹಜವಾಗಿಯೇ ಸ್ಟೆಫೈಲೊಕಾಕಸ್ ಸ್ಯೂಡಿಂಟರ್ಮೀಡಿಯಸ್ ಎಂಬ ಬ್ಯಾಕ್ಟೀರಿಯವೂ ಮಲಸೀಜಿಯ ಎಂಬ ಯೀಸ್ಟೂ ಇರುತ್ತವೆ. ಚರ್ಮದ ಗೋಡೆ ಸಡಿಲವಾದಾಗ ಇವು ಬೇಕಾಬಿಟ್ಟಿ ಬೆಳೆದು, ನವೆಗೆ ತಮ್ಮ ಪಾಲನ್ನೂ ಸೇರಿಸುತ್ತವೆ. ಕೀವುಗುಳ್ಳೆ, ಸುತ್ತಲೂ ಸಿಪ್ಪೆಯೇಳುವ ದುಂಡನೆಯ ಕಲೆಗಳು ಬ್ಯಾಕ್ಟೀರಿಯದ ಗುರುತು. ಜಿಡ್ಡು, ಮುಗ್ಗುಲು ವಾಸನೆ, ಕಪ್ಪಾದ ದಪ್ಪ ಚರ್ಮ, ಪದೇ ಪದೇ ಕಿವಿ ಸೋರುವುದು ಯೀಸ್ಟಿನ ಗುರುತು. ಪಾರಕ ಅಂಟುಪಟ್ಟಿಯನ್ನು ಚರ್ಮಕ್ಕೆ ಒತ್ತಿ ತೆಗೆದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಯಾವುದೆಂದು ತಿಳಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಿಂದೆ ಉಳಿದ ಪ್ರತಿಜೈವಿಕ ಮಾತ್ರೆಗಳನ್ನು ಅಂದಾಜಿನಲ್ಲಿ ನಾಲ್ಕು ದಿನ ಕೊಟ್ಟು ನಿಲ್ಲಿಸುವ ಅಭ್ಯಾಸದಿಂದ, ಹಲವು ಔಷಧಗಳಿಗೆ ಬಗ್ಗದ ಬ್ಯಾಕ್ಟೀರಿಯ ತಳಿಗಳು ನಾಯಿಗಳಲ್ಲೂ ಹೆಚ್ಚುತ್ತಿವೆ. ಆದ್ದರಿಂದ ಮೇಲ್ಪದರದ ಸೋಂಕಿಗೆ ಕ್ಲೋರ್‌ಹೆಕ್ಸಿಡೀನ್ ಇರುವ ಔಷಧೀಯ ಶಾಂಪೂವೇ ಮೊದಲ ಆಯ್ಕೆಯಾಗಬೇಕೆಂದು ತಜ್ಞರು ಈಗ ಸಲಹೆ ಮಾಡುತ್ತಾರೆ. ಶಾಂಪೂವಿನ ನೊರೆ ಚರ್ಮದ ಮೇಲೆ 10 ನಿಮಿಷ ಇರಬೇಕು. ಗಡಿಯಾರ ನೋಡಿಕೊಂಡು ಕಾಯಿರಿ. ಹಚ್ಚಿದ ಕೂಡಲೇ ತೊಳೆದರೆ ಪ್ರಯೋಜನವಿಲ್ಲ.

ಮೂರನೆಯ ಹಂತ: ಆಹಾರದ ಪರೀಕ್ಷೆ

ಚಿಗಟ, ನುಸಿ, ಸೋಂಕುಗಳನ್ನು ನಿವಾರಿಸಿದ ಮೇಲೂ ವರ್ಷವಿಡೀ ನವೆ ಉಳಿದರೆ ಆಹಾರದ ಕಡೆ ನೋಡಬೇಕು. 297 ನಾಯಿಗಳ ದಾಖಲೆಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಒಗ್ಗದ ಆಹಾರಗಳಲ್ಲಿ ದನದ ಮಾಂಸ (ಶೇಕಡಾ 34), ಹಾಲಿನ ಪದಾರ್ಥಗಳು (ಶೇಕಡಾ 17), ಕೋಳಿಮಾಂಸ (ಶೇಕಡಾ 15) ಮತ್ತು ಗೋಧಿ (ಶೇಕಡಾ 13) ಮುಖ್ಯವಾದವು. ನಾಯಿ ವರ್ಷಗಳಿಂದ ತಿಂದ ಆಹಾರವೇ ಒಂದು ದಿನ ಒಗ್ಗದೆ ಹೋಗಬಹುದು. 'ಇಷ್ಟು ದಿನ ಏನೂ ಆಗಿರಲಿಲ್ಲವಲ್ಲ' ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ.

ಇದನ್ನು ಪತ್ತೆ ಮಾಡಲು ರಕ್ತ ಅಥವಾ ಕೂದಲಿನ ಪರೀಕ್ಷೆಗಳು ನಂಬಲರ್ಹವಲ್ಲ. ನಂಬಬಹುದಾದ ಒಂದೇ ವಿಧಾನವೆಂದರೆ ವರ್ಜನ ಆಹಾರ. ನಾಯಿ ಹಿಂದೆಂದೂ ತಿಂದಿರದ ಒಂದು ಪ್ರೋಟೀನು ಮತ್ತು ಒಂದು ಪಿಷ್ಟಪದಾರ್ಥವನ್ನು ಮಾತ್ರ ಎಂಟು ವಾರ ಕೊಡಬೇಕು. ಕೋಳಿ, ಅನ್ನ, ಹಾಲು ತಿಂದು ಬೆಳೆದ ನಾಯಿಗೆ, ಉದಾಹರಣೆಗೆ, ಮೀನು ಮತ್ತು ಗೆಣಸು. ಆಹಾರದ ಒಗ್ಗದಿಕೆಯಿರುವ ನಾಯಿಗಳಲ್ಲಿ ಶೇಕಡಾ 90ಕ್ಕೂ ಹೆಚ್ಚಿನವು ಈ ಅವಧಿಯಲ್ಲಿ ಚೇತರಿಸಿಕೊಳ್ಳುತ್ತವೆ. ಆದರೆ ಪರೀಕ್ಷೆ ಅಷ್ಟಕ್ಕೇ ಮುಗಿಯುವುದಿಲ್ಲ. ಹಳೆಯ ಆಹಾರವನ್ನು ಮತ್ತೆ ಕೊಡಬೇಕು. ಎರಡು ವಾರದೊಳಗೆ ನವೆ ಮರುಕಳಿಸಿ, ಆಹಾರ ಬದಲಿಸಿದಾಗ ಮತ್ತೆ ಇಳಿದರೆ ಮಾತ್ರ ಅನುಮಾನ ಸಿದ್ಧವಾದಂತೆ. ಇಲ್ಲವಾದರೆ ಋತು ಬದಲಾದುದರಿಂದಲೋ ಬೇರೆ ಔಷಧದಿಂದಲೋ ಗುಣವಾಗಿರಬಹುದಲ್ಲವೆ? ಒಂದು ಬಾರಿಗೆ ಒಂದೇ ಅಂಶವನ್ನು ಬದಲಿಸಿ ನೋಡುವ ವಿಜ್ಞಾನದ ವಿಧಾನಕ್ಕೆ ಇದಕ್ಕಿಂತ ಸರಳ ಉದಾಹರಣೆ ಅಪರೂಪ.

ಪರೀಕ್ಷೆ ವಿಫಲವಾಗುವುದು ಹೆಚ್ಚಾಗಿ ಮನೆಯವರ ಪ್ರೀತಿಯಿಂದ. ಮಗು ಕೊಟ್ಟ ಒಂದು ಬಿಸ್ಕತ್ತು, ಅಜ್ಜಿ ಹಾಕಿದ ಒಂದು ತುತ್ತು ಮೊಸರನ್ನ ಆರು ವಾರದ ಶ್ರಮವನ್ನು ವ್ಯರ್ಥ ಮಾಡಬಲ್ಲದು. ಬೆಳೆಯುವ ಮರಿಗಳಿಗೆ ಇಂಥ ಆಹಾರ ಪರಿಪೂರ್ಣವಲ್ಲ. ಆದ್ದರಿಂದ ಪಶುವೈದ್ಯರ ಸಲಹೆ ಪಡೆದೇ ಆರಂಭಿಸಬೇಕು.

ಉಳಿದದ್ದು: ಅಟೊಪಿ

ಎಲ್ಲವನ್ನೂ ತಳ್ಳಿಹಾಕಿದ ಮೇಲೆ ಉಳಿಯುವುದು ಅಟೊಪಿ ಎಂಬ ಆನುವಂಶಿಕ ಪ್ರವೃತ್ತಿ. ಧೂಳಿನ ನುಸಿ, ಹುಲ್ಲು ಮತ್ತು ಕಳೆಗಳ ಪರಾಗ, ಬೂಷ್ಟಿನ ಕಣ ಮೊದಲಾದ ನಿರುಪದ್ರವಿ ವಸ್ತುಗಳನ್ನು ದೇಹ ಶತ್ರುವೆಂದು ಭಾವಿಸಿ ಇಮ್ಯುನೊಗ್ಲಾಬ್ಯುಲಿನ್-ಇ ಎಂಬ ಪ್ರತಿಕಾಯವನ್ನು ತಯಾರಿಸುವುದೇ ಇದರ ಮೂಲ. ಕಾಂಗ್ರೆಸ್ ಗಿಡ ಕೀಳುವವರಲ್ಲಿ ಕೆಲವರಿಗೆ ಮಾತ್ರ ಮೈಯೆಲ್ಲ ತುರಿಕೆ ಏಳುವುದನ್ನು ನೀವು ಕಂಡಿರಬಹುದು. ಒಗ್ಗದಿಕೆಯ ಬಗೆ ಬೇರೆಯಾದರೂ ತತ್ತ್ವ ಒಂದೇ: ದೋಷ ವಸ್ತುವಿನಲ್ಲಷ್ಟೇ ಅಲ್ಲ, ಅದಕ್ಕೆ ಪ್ರತಿಕ್ರಿಯಿಸುವ ದೇಹದಲ್ಲೂ ಇದೆ. ನಾಯಿಗೂ ಇಂಥ ರೋಗವಿದೆಯೆಂದು ಅಮೆರಿಕದ ವೈದ್ಯ ವಿಟಿಕ್ 1941ರಲ್ಲಿ ವರದಿ ಮಾಡಿದ. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಜರ್ಮನ್ ಷೆಪರ್ಡ್, ಪಗ್ ತಳಿಗಳಲ್ಲಿ ಇದು ಹೆಚ್ಚು.

ಅಟೊಪಿಯನ್ನು ಸಾರುವ ಒಂದೇ ರಕ್ತಪರೀಕ್ಷೆ ಇಲ್ಲ. ಸ್ವಿಟ್ಜರ್ಲೆಂಡಿನ ಫಾವ್ರೊ ಮತ್ತು ಸಂಗಡಿಗರು 2010ರಲ್ಲಿ ಎಂಟು ಸುಳಿವುಗಳ ಪಟ್ಟಿಯೊಂದನ್ನು ಕೊಟ್ಟರು:

1. ಮೂರು ವರ್ಷ ತುಂಬುವ ಮೊದಲೇ ನವೆ ಆರಂಭವಾಗಿದೆ.
2. ನಾಯಿ ಹೆಚ್ಚಾಗಿ ಮನೆಯೊಳಗೇ ಇರುತ್ತದೆ.
3. ಸ್ಟೀರಾಯ್ಡ್ ಕೊಟ್ಟರೆ ನವೆ ತಗ್ಗುತ್ತದೆ.
4. ಆರಂಭದಲ್ಲಿ ಚರ್ಮದ ಮೇಲೆ ಏನೂ ಕಾಣದೆ ನವೆ ಮಾತ್ರ ಇತ್ತು.
5. ಮುಂಗಾಲಿನ ಪಾದಗಳಲ್ಲಿ ತೊಂದರೆಯಿದೆ.
6. ಕಿವಿಗಳಲ್ಲಿ ತೊಂದರೆಯಿದೆ.
7. ಕಿವಿಯ ಅಂಚುಗಳಲ್ಲಿ ತೊಂದರೆಯಿಲ್ಲ.
8. ಬೆನ್ನು-ಸೊಂಟದ ಭಾಗದಲ್ಲಿ ತೊಂದರೆಯಿಲ್ಲ.

ಕೊನೆಯ ಎರಡನ್ನು ಗಮನಿಸಿ. ಕಿವಿಯ ಅಂಚು ಸಾರ್ಕಾಪ್ಟಿಸ್‌ನ ನೆಲೆ, ಸೊಂಟ ಚಿಗಟದ ನೆಲೆ. ಇವು ಇಲ್ಲದಿರುವುದೂ ಒಂದು ಸಾಕ್ಷ್ಯವೇ. ಎಂಟರಲ್ಲಿ ಐದು ಹೊಂದಿದರೆ ಅಟೊಪಿಯ ಸಾಧ್ಯತೆ ಹೆಚ್ಚು. ಆದರೆ ಈ ಪಟ್ಟಿ ಹಿಂದಿನ ಹಂತಗಳಿಗೆ ಬದಲಿಯಲ್ಲ.

ಹನಿ ಹನಿ ಕೂಡಿದರೆ

ಪ್ರತಿ ನಾಯಿಗೂ ನವೆಯ ಒಂದು ಹೊಸ್ತಿಲು ಇರುತ್ತದೆ ಎಂದು ಚರ್ಮತಜ್ಞರು ಹೇಳುತ್ತಾರೆ. ನಾಯಿಯೊಂದಕ್ಕೆ ಧೂಳಿನ ನುಸಿ ಒಗ್ಗದು ಎನ್ನಿ. ಅಷ್ಟರಿಂದಲೇ ಅದು ತುರಿಸಿಕೊಳ್ಳಲಾರದು. ಅದಕ್ಕೆ ನಾಲ್ಕು ಚಿಗಟ, ಮಳೆಗಾಲದ ತೇವದಲ್ಲಿ ಬೆಳೆದ ಯೀಸ್ಟ್, ಒಗ್ಗದ ಆಹಾರ ಸೇರಿದಾಗ ಕೊಡ ತುಂಬಿ ಹೊರಚೆಲ್ಲುತ್ತದೆ. ಚಿಕಿತ್ಸೆಯಲ್ಲಿ ಇದೇ ಆಶಾದಾಯಕ ಅಂಶ. ಧೂಳಿನ ನುಸಿಯನ್ನು ಮನೆಯಿಂದ ಪೂರ್ತಿ ಓಡಿಸಲಾಗದು. ಆದರೆ ಚಿಗಟವನ್ನೂ ಯೀಸ್ಟನ್ನೂ ನಿವಾರಿಸಿದರೆ ನವೆ ಹೊಸ್ತಿಲಿನಿಂದ ಕೆಳಗಿಳಿಯಬಹುದು. ಅಟೊಪಿ ಪೂರ್ತಿ ವಾಸಿಯಾಗುವ ರೋಗವಲ್ಲ, ಮಧುಮೇಹದಂತೆ ಹತೋಟಿಯಲ್ಲಿಡಬೇಕಾದ ರೋಗ.

ಔಷಧಗಳ ಬಲಾಬಲ

ಹಳೆಯ ಔಷಧವೆಂದರೆ ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್. ಅಗ್ಗ, ಬಲುಬೇಗ ಪರಿಣಾಮ. ಆದರೆ ದೀರ್ಘಕಾಲ ಕೊಟ್ಟರೆ ಅತಿ ಬಾಯಾರಿಕೆ, ಅತಿ ಮೂತ್ರ, ಹಸಿವು, ತೆಳುಚರ್ಮ, ಸ್ನಾಯುಗಳ ಕ್ಷಯ ಇವು ಬರುತ್ತವೆ. ದೀರ್ಘಕಾಲ ಕೊಟ್ಟುದನ್ನು ಒಮ್ಮೆಲೇ ನಿಲ್ಲಿಸುವುದೂ ಅಪಾಯ. ಸೈಕ್ಲೊಸ್ಪೊರಿನ್ ರೋಗರಕ್ಷಣಾ ವ್ಯವಸ್ಥೆಯ ಅತಿರೇಕವನ್ನು ತಗ್ಗಿಸುತ್ತದೆ. ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕು.

ಅಮೆರಿಕದಲ್ಲಿ 2013ರಲ್ಲಿ ಮಂಜೂರಾತಿ ಪಡೆದ ಓಕ್ಲಾಸಿಟಿನಿಬ್ ಮಾತ್ರೆ ಜೀವಕೋಶದೊಳಗಿನ ಜಾನಸ್ ಕೈನೇಸ್ ಎಂಬ ಕಿಣ್ವವನ್ನು ತಡೆದು, ಇಂಟರ್‌ಲ್ಯೂಕಿನ್-31ರ ಸಂದೇಶ ಮುಂದೆ ಸಾಗದಂತೆ ಮಾಡುತ್ತದೆ. ಒಂದು ದಿನದೊಳಗೆ ಪರಿಣಾಮ ತೋರುತ್ತದೆ. ಒಂದು ವರ್ಷದೊಳಗಿನ ಮರಿಗಳಿಗೂ ಗಂಭೀರ ಸೋಂಕಿರುವ ನಾಯಿಗಳಿಗೂ ಇದು ಸಲ್ಲದು. ಆನಂತರ ಬಂದ ಲೋಕಿವೆಟ್‌ಮ್ಯಾಬ್ ಒಂದು ಪ್ರತಿಕಾಯ. ಚುಚ್ಚುಮದ್ದಾಗಿ ಕೊಟ್ಟರೆ ಇಂಟರ್‌ಲ್ಯೂಕಿನ್-31ನ್ನು ದಾರಿಯಲ್ಲೇ ಹಿಡಿದು ನಿಷ್ಕ್ರಿಯಗೊಳಿಸುತ್ತದೆ. ಪರಿಣಾಮ ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರ. ಎರಡೂ ದುಬಾರಿ. ಎರಡೂ ನವೆಯನ್ನು ತಡೆಯುತ್ತವೆಯೇ ಹೊರತು ಮೂಲವನ್ನು ಬದಲಿಸುವುದಿಲ್ಲ.

ಮೂಲವನ್ನೇ ಬದಲಿಸಲೆತ್ನಿಸುವುದು ಪ್ರತಿಜನಕ ಚಿಕಿತ್ಸೆ. ಒಗ್ಗದ ವಸ್ತುವನ್ನು ಚರ್ಮ ಅಥವಾ ರಕ್ತ ಪರೀಕ್ಷೆಯಿಂದ ಗುರುತಿಸಿ, ಅದನ್ನೇ ಅತ್ಯಲ್ಪ ಪ್ರಮಾಣದಿಂದ ಆರಂಭಿಸಿ ಏರಿಸುತ್ತ ಕೊಟ್ಟು ದೇಹವನ್ನು ಪಳಗಿಸುವುದು. ಅರ್ಧಕ್ಕಿಂತ ಹೆಚ್ಚು ನಾಯಿಗಳಲ್ಲಿ ಒಳ್ಳೆಯ ಸುಧಾರಣೆ ಕಾಣುತ್ತದೆ. ಆದರೆ ಒಂದು ವರ್ಷ ತಾಳ್ಮೆಯಿಂದ ಕಾಯಬೇಕು.

ಮಾಡಬಾರದ ಕೆಲಸಗಳು

ವಾಹನಗಳಿಂದ ತೆಗೆದ ಹಳೆಯ ಎಂಜಿನ್ ಆಯಿಲನ್ನು ಕಜ್ಜಿನಾಯಿಗೆ ಬಳಿಯುವುದು ನಮ್ಮಲ್ಲಿ ಹಲವೆಡೆ ರೂಢಿಯಲ್ಲಿದೆ. ಅದರಲ್ಲಿ ವಿಷಕಾರಿ ಹೈಡ್ರೊಕಾರ್ಬನ್‌ಗಳೂ ಭಾರಲೋಹಗಳೂ ಇರುತ್ತವೆ. ತೆಳುವಾದ, ಗಾಯಗೊಂಡ ಚರ್ಮ ಅವನ್ನು ಹೀರಿಕೊಳ್ಳುತ್ತದೆ. ನೆಕ್ಕಿದಾಗ ಹೊಟ್ಟೆಗೂ ಸೇರುತ್ತದೆ. ಸೀಮೆಎಣ್ಣೆ, ಫಿನಾಯಿಲ್, ಬೆಳೆಗೆ ಹೊಡೆಯುವ ಕೀಟನಾಶಕಗಳೂ ಅಷ್ಟೇ ಅಪಾಯಕರ.

ಕುರಿ, ದನಗಳಿಗೆಂದು ತಂದ ಐವರ್ಮೆಕ್ಟಿನ್ ಚುಚ್ಚುಮದ್ದನ್ನು ಅಂದಾಜಿನಲ್ಲಿ ನಾಯಿಗೆ ಕೊಡಬಾರದು. ಕೋಲಿಯಂಥ ಕೆಲವು ತಳಿಗಳಲ್ಲಿ ಈ ಔಷಧವನ್ನು ಮಿದುಳಿನಿಂದ ಹೊರದೂಡುವ ಪ್ರೋಟೀನಿನ ಜೀನು ಕೆಟ್ಟಿರುತ್ತದೆ. 2001ರಲ್ಲಿ ಪತ್ತೆಯಾದ ಈ ದೋಷವಿರುವ ನಾಯಿ ಹೆಚ್ಚಿನ ಪ್ರಮಾಣದ ಐವರ್ಮೆಕ್ಟಿನ್‌ನಿಂದ ಪ್ರಜ್ಞೆ ತಪ್ಪಿ ಸಾಯಬಹುದು. ಮನುಷ್ಯರ ಮುಲಾಮುಗಳೂ ಬೇಡ. ಸೋರಿಯಾಸಿಸ್‌ಗೆ ಬಳಸುವ ಕ್ಯಾಲ್ಸಿಪೊಟ್ರಿಯಾಲ್ ನಾಯಿ ನೆಕ್ಕಿದರೆ ಮಾರಕ. ನಾಯಿಯ ಚಿಗಟಕ್ಕೆ ತಂದ ಪರ್ಮೆತ್ರಿನ್ ಮನೆಯ ಬೆಕ್ಕಿಗೆ ವಿಷ.

ನವೆಯ ದಿನಚರಿ

ಕೊನೆಯದಾಗಿ, ಖರ್ಚಿಲ್ಲದ ಒಂದು ಸಾಧನ. ಹತ್ತು ಸೆಂಟಿಮೀಟರ್ ಉದ್ದದ ಗೆರೆ ಎಳೆಯಿರಿ. ಒಂದು ತುದಿ 'ನವೆಯೇ ಇಲ್ಲ', ಇನ್ನೊಂದು ತುದಿ 'ಎಡೆಬಿಡದೆ ನವೆ'. ಪ್ರತಿ ಭಾನುವಾರ ನಾಯಿಯ ಸ್ಥಿತಿಯನ್ನು ಗೆರೆಯ ಮೇಲೆ ಗುರುತಿಸಿ, ಅಳೆದು ಬರೆದಿಡಿ. ಜೊತೆಗೆ ಕೊಟ್ಟ ಔಷಧ, ಆಹಾರ, ಸ್ನಾನ, ಹವಾಮಾನ ಬರೆಯಿರಿ. ಪಶುಚರ್ಮತಜ್ಞರೂ ಇಂಥ ಗೆರೆಯನ್ನೇ ಬಳಸುತ್ತಾರೆ. ಆರೋಗ್ಯವಂತ ನಾಯಿಯ ಅಂಕ ಸಾಮಾನ್ಯವಾಗಿ ಎರಡರೊಳಗಿರುತ್ತದೆ. ಆರು ತಿಂಗಳ ನಕ್ಷೆ ಸಿದ್ಧವಾದಾಗ ನವೆ ಯಾವ ಋತುವಿನಲ್ಲಿ ಏರುತ್ತದೆ, ಯಾವ ಮದ್ದಿಗೆ ಇಳಿಯುತ್ತದೆ ಎಂಬುದು ಕಣ್ಣಿಗೆ ಕಟ್ಟುತ್ತದೆ. ನಾಯಿ ಸಾಕಿರುವ ವಿದ್ಯಾರ್ಥಿಗಳಿಗೆ ಅಧ್ಯಾಪಕರು ಇದನ್ನು ಒಂದು ಯೋಜನೆಯಾಗಿಯೇ ಕೊಡಬಹುದು.

ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನಗಳ ಪಶುವೈದ್ಯಕೀಯ ಕಾಲೇಜುಗಳಲ್ಲಿ ಚಿಕಿತ್ಸಾಲಯಗಳಿವೆ. ಊರೂರಲ್ಲಿ ಪಶು ಆಸ್ಪತ್ರೆಗಳಿವೆ. ಅಲ್ಲಿಗೆ ಹೋಗುವಾಗ ಈ ದಿನಚರಿಯನ್ನೂ ಒಯ್ಯಿರಿ. ತನ್ನ ಸಂಕಟವನ್ನು ನಾಯಿ ಮಾತಿನಲ್ಲಿ ಹೇಳಲಾರದು. ಅದರ ಪರವಾಗಿ ನೀವು ಬರೆದಿಟ್ಟ ಅಂಕಿಗಳು ವೈದ್ಯರಿಗೆ ಹೇಳಬಲ್ಲವು.